ಸಂಸದರಿಲ್ಲದ ಕ್ಷೇತ್ರ: ಆರು ತಿಂಗಳ ಗಡುವು ಎಲ್ಲಿ ಸಡಿಲವಾಗುತ್ತದೆ?

ಪ್ರಶ್ನೆ: ಲೋಕಸಭಾ ಸ್ಥಾನ ತೆರವಾದರೆ ಆರು ತಿಂಗಳೊಳಗೆ ಉಪಚುನಾವಣೆ ನಡೆಯಲೇಬೇಕು ಎಂದು ಕೇಳಿದ್ದೇನೆ. ಹಾಗಿದ್ದರೂ ಕೆಲವು ಕ್ಷೇತ್ರಗಳು ವರ್ಷ ಕಳೆದರೂ ಸಂಸದರಿಲ್ಲದೆ ಉಳಿಯುವುದು ಹೇಗೆ?

ಉತ್ತರ: ನೀವು ಕೇಳಿರುವುದು ನಿಜ, ಆದರೆ ಅದು ಅರ್ಧ ಮಾತ್ರ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 151ಎ ಸೆಕ್ಷನ್ ಆರು ತಿಂಗಳ ಗಡುವು ವಿಧಿಸುತ್ತದೆ. ಅದರ ಬೆನ್ನಿಗೇ ಎರಡು ವಿನಾಯಿತಿಗಳನ್ನೂ ಕೊಡುತ್ತದೆ. ತೆರವಾದ ಸ್ಥಾನದ ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆಯಿದ್ದರೆ ಉಪಚುನಾವಣೆ ಬೇಕಿಲ್ಲ. ಗಡುವಿನೊಳಗೆ ಚುನಾವಣೆ ನಡೆಸುವುದು ಕಷ್ಟವೆಂದು ಚುನಾವಣಾ ಆಯೋಗವು ಕೇಂದ್ರ ಸರ್ಕಾರದ ಜೊತೆ ಸಮಾಲೋಚಿಸಿ ಪ್ರಮಾಣೀಕರಿಸಿದರೂ ಗಡುವು ಅನ್ವಯಿಸುವುದಿಲ್ಲ. ಹಾಗಾಗಿ ಮೊದಲು ನೋಡಬೇಕಾದದ್ದು ಸ್ಥಾನ ಯಾವ ದಿನ ತೆರವಾಯಿತು ಎಂಬುದನ್ನು.

ಆ ದಿನಾಂಕಕ್ಕಿರುವ ಬೆಲೆ 2018ರಲ್ಲಿ ಚೆನ್ನಾಗಿ ಕಾಣಿಸಿತು. ಆ ವರ್ಷದ ಮೇ ತಿಂಗಳಲ್ಲಿ ಕರ್ನಾಟಕದ ಮೂವರು ಸಂಸದರು ವಿಧಾನಸಭೆಗೆ ಆಯ್ಕೆಯಾದರು: ಶಿವಮೊಗ್ಗದ ಬಿ.ಎಸ್. ಯಡಿಯೂರಪ್ಪ, ಬಳ್ಳಾರಿಯ ಬಿ. ಶ್ರೀರಾಮುಲು, ಮಂಡ್ಯದ ಸಿ.ಎಸ್. ಪುಟ್ಟರಾಜು. ಮೊದಲಿನ ಇಬ್ಬರ ಸ್ಥಾನ ಮೇ 18ರಂದು ತೆರವಾಯಿತು, ಮಂಡ್ಯದ್ದು ಮೇ 21ರಂದು. ಆ ಲೋಕಸಭೆಯ ಅವಧಿ 2019ರ ಜೂನ್ 3ರವರೆಗೆ ಇತ್ತು. ಅಂದರೆ ಒಂದು ವರ್ಷದ ಮೇಲೆ ಸುಮಾರು ಎರಡು ವಾರ ಉಳಿದಿತ್ತು. ಅಷ್ಟು ಸಾಕಾಯಿತು. ನವೆಂಬರ್ 3ರಂದು ಮೂರೂ ಕಡೆ ಮತದಾನ ನಡೆಯಿತು. ಗೆದ್ದ ಬಿ.ವೈ. ರಾಘವೇಂದ್ರ, ವಿ.ಎಸ್. ಉಗ್ರಪ್ಪ ಮತ್ತು ಎಲ್.ಆರ್. ಶಿವರಾಮೇಗೌಡರಿಗೆ ಹಾಜರಾಗಲು ಸಿಕ್ಕಿದ್ದು ಚಳಿಗಾಲದ ಅಧಿವೇಶನ ಮತ್ತು ಮಧ್ಯಂತರ ಬಜೆಟ್ ಅಧಿವೇಶನ, ಅಷ್ಟೇ.

ಇತ್ತ ಆಂಧ್ರಪ್ರದೇಶದಲ್ಲಿ ವೈಎಸ್‌ಆರ್ ಕಾಂಗ್ರೆಸ್‌ನ ಐವರು ಸಂಸದರು ವಿಶೇಷ ಸ್ಥಾನಮಾನದ ಬೇಡಿಕೆ ಮುಂದಿಟ್ಟು ಏಪ್ರಿಲ್ 6ರಂದೇ ರಾಜೀನಾಮೆ ಕೊಟ್ಟಿದ್ದರು. ಅದು ಅಂಗೀಕಾರವಾದದ್ದು ಜೂನ್ 20ಕ್ಕೆ. ಉಳಿದ ಅವಧಿ ಒಂದು ವರ್ಷಕ್ಕೆ ಹದಿನೇಳು ದಿನ ಕಡಿಮೆ. ಐದೂ ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆಯಲಿಲ್ಲ. ಮೊದಲು ರಾಜೀನಾಮೆ ಬರೆದವರ ಕ್ಷೇತ್ರ ಖಾಲಿ ಉಳಿಯಿತು, ನಂತರ ಬಿಟ್ಟವರ ಕ್ಷೇತ್ರಕ್ಕೆ ಹೊಸ ಸಂಸದರು ಬಂದರು!

ಇದಕ್ಕೆ ಕಾರಣ ಸಂವಿಧಾನದ 101ನೇ ವಿಧಿಯಲ್ಲಿದೆ. ರಾಜೀನಾಮೆ ಪತ್ರ ಕೊಟ್ಟ ದಿನ ಸ್ಥಾನ ತೆರವಾಗುವುದಿಲ್ಲ, ಸ್ಪೀಕರ್ ಒಪ್ಪಿದಾಗ ಆಗುತ್ತದೆ. 1974ರ 33ನೇ ತಿದ್ದುಪಡಿಯ ನಂತರ, ರಾಜೀನಾಮೆ ಸ್ವಇಚ್ಛೆಯದ್ದೇ, ನೈಜವಾದದ್ದೇ ಎಂದು ವಿಚಾರಿಸಿ ಅಲ್ಲವೆನಿಸಿದರೆ ತಿರಸ್ಕರಿಸುವ ಅಧಿಕಾರವೂ ಅವರಿಗಿದೆ. 2019ರಲ್ಲಿ ನಮ್ಮ ವಿಧಾನಸಭೆಯಲ್ಲಿ ನಡೆದ ಶಾಸಕರ ರಾಜೀನಾಮೆ ಪ್ರಸಂಗ ನೆನಪಿರುವವರಿಗೆ ಈ ಅಧಿಕಾರದ ತೂಕವನ್ನು ಬಿಡಿಸಿ ಹೇಳಬೇಕಿಲ್ಲ. ಒಪ್ಪಲು ಇಷ್ಟೇ ದಿನ ಎಂಬ ಮಿತಿಯನ್ನು ಸಂವಿಧಾನ ಹಾಕಿಲ್ಲ. ಹಾಕಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ನಿಧನದಿಂದ ತೆರವಾದಾಗ ದಿನಾಂಕದ ಬಗ್ಗೆ ತಕರಾರಿಲ್ಲ. ಎರಡು ಕಡೆ ಗೆದ್ದವರದ್ದೂ ಸರಳ: ಹದಿನಾಲ್ಕು ದಿನಗಳಲ್ಲಿ ಒಂದನ್ನು ಬಿಡಬೇಕು. 2024ರಲ್ಲಿ ರಾಹುಲ್ ಗಾಂಧಿ ರಾಯ್‌ಬರೇಲಿ ಉಳಿಸಿಕೊಂಡು ವಯನಾಡ್ ಬಿಟ್ಟದ್ದು ಹೀಗೆಯೇ. ಅಪರೂಪಕ್ಕೆ ಸದನವೇ ಸದಸ್ಯರನ್ನು ಉಚ್ಚಾಟಿಸುವುದೂ ಉಂಟು. ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಚಿಕ್ಕಮಗಳೂರಿನಿಂದ 1978ರ ನವೆಂಬರ್‌ನಲ್ಲಿ ಗೆದ್ದ ಇಂದಿರಾ ಗಾಂಧಿಯವರನ್ನು ಡಿಸೆಂಬರ್‌ನಲ್ಲೇ ಹಕ್ಕುಚ್ಯುತಿಯ (ಸದನದ ವಿಶೇಷ ಹಕ್ಕುಗಳ ಉಲ್ಲಂಘನೆಯ) ಆರೋಪದಲ್ಲಿ ಉಚ್ಚಾಟಿಸಲಾಯಿತು.

ಅನುಮತಿಯಿಲ್ಲದೆ ಅರವತ್ತು ದಿನ ಗೈರಾದರೆ ಸ್ಥಾನ ಹೋಗುತ್ತದೆ ಎಂದು ಹಲವರು ಹೇಳುವುದುಂಟು. ತಾನಾಗಿ ಹೋಗುವುದಿಲ್ಲ, ತೆರವೆಂದು ಸದನ ಘೋಷಿಸಬಹುದು, ಅಷ್ಟೇ. ಅದೂ ಅಧಿವೇಶನ ಇಲ್ಲದ ಕಾಲವನ್ನು, ಸತತ ನಾಲ್ಕು ದಿನ ಮೀರಿದ ಮುಂದೂಡಿಕೆಯನ್ನು ಬಿಟ್ಟು ಎಣಿಸಬೇಕು. ನಡುವೆ ಒಂದು ದಿನ ಬಂದು ಕುಳಿತರೂ ಲೆಕ್ಕ ಹೊಸದಾಗಿ ಶುರುವಾಗುತ್ತದೆ.

ಹೆಚ್ಚು ಗೊಂದಲವಿರುವುದು ಅಪರಾಧ ಸಾಬೀತಾಗಿ ಅನರ್ಹರಾದವರ ವಿಷಯದಲ್ಲಿ. ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದರೆ ಅನರ್ಹತೆ ಬರುತ್ತದೆ. ಹಿಂದೆ ಹಾಲಿ ಸದಸ್ಯರಿಗೆ ಮೇಲ್ಮನವಿಗೆಂದು ಮೂರು ತಿಂಗಳ ರಕ್ಷಣೆಯಿತ್ತು. 2013ರ ಲಿಲಿ ಥಾಮಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ಈಗ ತೀರ್ಪಿನ ದಿನವೇ ಸ್ಥಾನ ಹೋಗುತ್ತದೆ. ಆದರೆ ಮೇಲಿನ ನ್ಯಾಯಾಲಯ ದೋಷನಿರ್ಣಯಕ್ಕೆ ತಡೆ ಕೊಟ್ಟರೆ ಹೋದ ಸ್ಥಾನ ಮರಳಿ ಬರುತ್ತದೆ.

ಲಕ್ಷದ್ವೀಪದಲ್ಲಿ ಆದದ್ದನ್ನು ನೋಡಿ. 2023ರ ಜನವರಿ 11ರಂದು ಸಂಸದ ಮೊಹಮ್ಮದ್ ಫೈಜಲ್ ಅವರಿಗೆ ಶಿಕ್ಷೆಯಾಯಿತು. 18ರಂದು ಆಯೋಗ ಉಪಚುನಾವಣೆ ಘೋಷಿಸಿತು. 25ರಂದು ಕೇರಳ ಹೈಕೋರ್ಟ್ ತಡೆ ಕೊಟ್ಟಿತು. ಘೋಷಿಸಿದ ಚುನಾವಣೆಯನ್ನು ಆಯೋಗ ತಡೆಹಿಡಿಯಬೇಕಾಯಿತು. ಎರಡು ತಿಂಗಳ ಬಳಿಕ, ಕೋಲಾರದ ಭಾಷಣದ ಪ್ರಕರಣದಲ್ಲಿ ಸೂರತ್ ನ್ಯಾಯಾಲಯ ಶಿಕ್ಷೆ ವಿಧಿಸಿ ರಾಹುಲ್ ಗಾಂಧಿ ಅನರ್ಹರಾದಾಗ ಆಯೋಗ ಅವಸರ ಮಾಡಲಿಲ್ಲ. ಮೇಲ್ಮನವಿಗೆ ಒಂದು ತಿಂಗಳಿದೆ, ಕಾಯುತ್ತೇವೆ ಎಂದಿತು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿದ್ದರಿಂದ ಕಾದದ್ದು ಒಳ್ಳೆಯದೇ ಆಯಿತು.

ಸ್ಥಾನಗಳು ಖಾಲಿಯಿದ್ದರೂ ಸದನದ ಕೆಲಸ ನಿಲ್ಲುವುದಿಲ್ಲ. ಹಾಗೆಂದು 100ನೇ ವಿಧಿಯೇ ಹೇಳುತ್ತದೆ. ಲೋಕಸಭೆಯ ಕೋರಂಗೆ, ಅಂದರೆ ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಾತಿಗೆ, 55 ಮಂದಿ ಸಾಕು. ಸಂವಿಧಾನ ತಿದ್ದುಪಡಿಗೆ ಬೇಕಾದ ಒಟ್ಟು ಸದಸ್ಯಬಲದ ಬಹುಮತವನ್ನು ಎಣಿಸುವಾಗ ಮಾತ್ರ ಖಾಲಿ ಸ್ಥಾನಗಳೂ ಲೆಕ್ಕಕ್ಕೆ ಬರುತ್ತವೆ. ಜರ್ಮನಿಯಲ್ಲಿ ಪಕ್ಷದ ಪಟ್ಟಿಯಲ್ಲಿರುವ ಮುಂದಿನವರು ಬಂದು ಕೂರುವುದರಿಂದ ಈ ತಾಪತ್ರಯವೇ ಇಲ್ಲ. ಆದರೆ ಅಲ್ಲಿ ಮತದಾರರನ್ನು ಮತ್ತೊಮ್ಮೆ ಕೇಳುವುದೂ ಇಲ್ಲ.

ಇನ್ನು ಎರಡನೆಯ ವಿನಾಯಿತಿ. ‘ಕಷ್ಟ’ ಎಂದರೆ ಎಷ್ಟು ಕಷ್ಟ? 2023ರ ಮಾರ್ಚ್ 29ರಂದು, ಕರ್ನಾಟಕ ವಿಧಾನಸಭಾ ಚುನಾವಣೆಯ ದಿನಾಂಕ ಪ್ರಕಟವಾದ ದಿನವೇ, ಪುಣೆಯ ಸಂಸದ ಗಿರೀಶ್ ಬಾಪಟ್ ನಿಧನರಾದರು. ಲೋಕಸಭೆಯ ಅವಧಿ ಇನ್ನೂ ಹದಿನಾಲ್ಕು ತಿಂಗಳಿಗೂ ಹೆಚ್ಚು ಇತ್ತು, ಮೊದಲ ವಿನಾಯಿತಿ ಅನ್ವಯಿಸುತ್ತಿರಲಿಲ್ಲ. ಆದರೂ ಉಪಚುನಾವಣೆ ಬರಲಿಲ್ಲ. ಸಿಬ್ಬಂದಿ ಮುಂದಿನ ಸಾರ್ವತ್ರಿಕ ಚುನಾವಣೆಯ ಸಿದ್ಧತೆಯಲ್ಲಿದ್ದಾರೆ, ಗೆದ್ದವರಿಗೆ ಸಿಗುವುದು ಕೆಲವೇ ತಿಂಗಳು ಎಂಬುದು ಆಯೋಗದ ವಾದ. ಬಾಂಬೆ ಹೈಕೋರ್ಟ್ ಇದನ್ನು ಒಪ್ಪದೆ, ಕೂಡಲೇ ಚುನಾವಣೆ ನಡೆಸಿ ಎಂದು ಡಿಸೆಂಬರ್‌ನಲ್ಲಿ ಆದೇಶಿಸಿತು. ಕೆಲವೇ ತಿಂಗಳು ಎಂಬ ವಾದ ನನಗೂ ಒಪ್ಪಿಗೆಯಾಗುವುದಿಲ್ಲ: ಶಿವಮೊಗ್ಗ, ಬಳ್ಳಾರಿ, ಮಂಡ್ಯದಲ್ಲಿ ಇದೇ ಆಯೋಗ ಅಷ್ಟೇ ಅವಧಿಗೆ ಚುನಾವಣೆ ನಡೆಸಿತ್ತಲ್ಲ! ಆದರೆ 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟಿನ ಆದೇಶಕ್ಕೆ ತಡೆ ನೀಡಿತು. ಪುಣೆಯವರು ಮತ ಹಾಕಿದ್ದು ಸಾರ್ವತ್ರಿಕ ಚುನಾವಣೆಯ ಜೊತೆಗೆ, ಆ ವರ್ಷದ ಮೇ 13ರಂದು.