ನೀರುಕಣಗಿಲೆ ಹೂ ಬಿಟ್ಟರೂ ಕಾಯಿ ಕಟ್ಟುವುದಿಲ್ಲ, ಯಾಕೆ?

ಪ್ರಶ್ನೆ: ಹೊಳೆದಂಡೆಯ ನೀರುಕಣಗಿಲೆಯಿಂದ ಕಡ್ಡಿ ತಂದು ನೆಟ್ಟಿದ್ದೆ. ಆರು ಗಿಡಗಳಾಗಿವೆ, ಹೂವೂ ಬಿಡುತ್ತವೆ. ಆದರೆ ಒಂದರಲ್ಲೂ ಕಾಯಿಲ್ಲ. ಗೊಬ್ಬರ ಸಾಲದೇ?

ಗೊಬ್ಬರದ ತಪ್ಪಲ್ಲ. ಆರೂ ಕಡ್ಡಿಗಳನ್ನು ಒಂದೇ ಪೊದೆಯಿಂದ ಕತ್ತರಿಸಿದ್ದೀರಿ, ಅಲ್ವಾ? ಹಾಗಿದ್ದರೆ ಎಣಿಕೆಗೆ ಆರು, ನಿಜಕ್ಕೆ ಒಂದೇ ಗಿಡ.

ನೀರುಕಣಗಿಲೆಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಜಾಯಿಕಾಯಿ ಬೆಳೆದವರಿಗೆ ಈ ಕಷ್ಟ ಚೆನ್ನಾಗಿ ಗೊತ್ತು. ಗಂಡಿನ ಕಡ್ಡಿ ನೆಟ್ಟರೆ ಗಂಡೇ ಬರುತ್ತದೆ, ಹೆಣ್ಣಿನದಾದರೆ ಹೆಣ್ಣೇ. ಯಾವುದಾದರೂ ಒಂದೇ ಇದ್ದರೆ ಎಷ್ಟು ವರ್ಷ ಕಾದರೂ ಬೀಜ ಸಿಗುವುದಿಲ್ಲ.

ಚಳಿಗಾಲ ಮುಗಿಯುವ ಹೊತ್ತಿಗೆ ಹೂತೆನೆಯನ್ನು ಹತ್ತಿರ ಹಿಡಿದು ನೋಡಿ, ಭೂತಗನ್ನಡಿ ಇದ್ದರೆ ಇನ್ನೂ ಒಳ್ಳೆಯದು. ಎರಡರಲ್ಲೂ ದಳಗಳಿರುವುದಿಲ್ಲ. ಗಂಡು ತೆನೆಯಲ್ಲಿ ಪುಟ್ಟ ಗುಂಡು ಮೊಗ್ಗುಗಳಿರುತ್ತವೆ. ಅರಳಿದಾಗ ಕೇಸರಗಳು ಒತ್ತೊತ್ತಾಗಿ ಹೊರಬಂದು ಸಣ್ಣ ಚೆಂಡಿನಂತೆ ಕಾಣುತ್ತವೆ. ಹೆಣ್ಣು ಹೂವಿನ ತುದಿಯಲ್ಲಿ ಬರೀ ಮೂರು ಎಳೆಗಳು. ಅದೇ ಮುಂದೆ ಮೂರು ಕೋಣೆಯ ಪುಟ್ಟ ಕಾಯಾಗುತ್ತದೆ.

ನಿಮ್ಮಲ್ಲಿ ಯಾವುದಿದೆ ಎಂದು ಗೊತ್ತಾದ ಮೇಲೆ ಇನ್ನೊಂದನ್ನು ಅದೇ ಹೊಳೆಯಲ್ಲಿ ಹುಡುಕಿ. ಒಂದೇ ಪೊದೆಗೆ ಕತ್ತರಿ ಹಾಕಬೇಡಿ. ನಾಲ್ಕೈದು ಪೊದೆಗಳಿಂದ ಒಂದೋ ಎರಡೋ ಕಡ್ಡಿ ಸಾಕು. ಬೇರುಸಹಿತ ಕೀಳಲೇಬೇಡಿ. ಅರಣ್ಯದ ಜಾಗವಾದರೆ ಇಲಾಖೆಯ ಅನುಮತಿ ಬೇಕು.

ಪೆನ್ಸಿಲ್ ದಪ್ಪದ, ಪೂರ್ತಿ ಎಳೆಯದೂ ಅಲ್ಲದ, ಬಲಿತು ಗಟ್ಟಿಯಾಗಿದ್ದೂ ಅಲ್ಲದ ಕಡ್ಡಿ ಆರಿಸಿ. ಒಂದು ಗೇಣು ಉದ್ದ, ಕೆಳಗಿನ ಕೊಯ್ತ ಗೆಣ್ಣಿನ ಸ್ವಲ್ಪ ಕೆಳಗೆ. ತುದಿಯ ಎರಡು ಮೂರು ಎಲೆ ಬಿಟ್ಟು ಉಳಿದದ್ದು ತೆಗೆಯಿರಿ. ಎಲೆಯ ಹಿಂಬದಿ ಬೆಳ್ಳಗೆ ಹೊಳೆಯುತ್ತಿದ್ದರೆ ಸರಿಯಾದ ಗಿಡವೇ. ದಾರಿಯಲ್ಲಿ ಒಣಗದಂತೆ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಳ್ಳಿ. ದಪ್ಪ ಮರಳಿನಲ್ಲಿ ಅರ್ಧ ಹುಗಿದು ನೆರಳಲ್ಲಿಡಿ, ಮರಳು ಒಂದು ದಿನವೂ ಒಣಗಬಾರದು. ಬೇರು ಬಂತೇ ಎಂದು ಸುಮ್ನೆ ಎಳೆದೆಳೆದು ನೋಡಬೇಡಿ, ಹೊಸ ಬೇರು ತುಂಬ ಸೂಕ್ಷ್ಮ.

ಚಿಗುರು ನಿಂತ ಮೇಲೆ ಮೆಲ್ಲಗೆ ಬಿಸಿಲಿಗೆ ಒಗ್ಗಿಸಿ. ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ನೀರಿನ ಗಿಡ ಅಂತ ಕೊಳೆತ ಕೆಸರಿನಲ್ಲಿ ನಿಲ್ಲಿಸಿಬಿಡುತ್ತಾರೆ. ಇದು ಹರಿಯುವ ನೀರಿನ ಗಿಡ. ಘಟ್ಟದ ಹೊಳೆಗಳಲ್ಲಿ, ಕಾವೇರಿಯ ಬಂಡೆಗಳ ನಡುವೆ ಮೈತುಂಬ ಬಿಸಿಲು ಕುಡಿದು ನಿಲ್ಲುತ್ತದೆ. ಮಳೆಗಾಲದಲ್ಲಿ ನೆರೆ ತಲೆಯ ಮೇಲೆ ಹರಿದರೂ ಬಳುಕುವ ಕೊಂಬೆ ಮುರಿಯುವುದಿಲ್ಲ, ಬೇರು ಕಲ್ಲಿನ ಸಂದಿ ಬಿಡುವುದಿಲ್ಲ. 1790ರಲ್ಲಿ ಸಸ್ಯಶಾಸ್ತ್ರಜ್ಞ ಲೌರೇರೋ ಇದಕ್ಕೆ ಇಟ್ಟ ಹೆಸರು ಹೋಮೋನೋಯಾ ರಿಪಾರಿಯಾ. ರಿಪಾರಿಯಾ ಎಂದರೆ ನದಿದಡದ್ದು. ಮರಳು ಬಗೆದ ಕಡೆ, ಅಣೆಕಟ್ಟಿನ ಹಿನ್ನೀರು ನಿಂತ ಕಡೆ ಆ ದಡವೇ ಉಳಿಯುವುದಿಲ್ಲ. ಹಾಗಾಗಿ ಉಳಿದ ಪೊದೆಗಳಿಂದ ಬೀಜ ಪಡೆಯುವ ನಿಮ್ಮ ಆಸೆ ಸಣ್ಣದಲ್ಲ.

ಬೀಜದ ಗಿಡ ಒಂದೊಂದೂ ಬೇರೆಯಾಗಿರುತ್ತದೆ, ಗಂಡೂ ಹೆಣ್ಣೂ ಬೆರೆತು ಬರುತ್ತದೆ. ದಡ ತುಂಬಿಸಲು ಕಡ್ಡಿಗಿಂತ ಅದೇ ಮೇಲು. ಕಾಯಿ ಬಲಿತರೆ ಸಿಡಿದು ಬೀಜ ಚೆಲ್ಲಿಹೋಗುತ್ತದೆ. ಅದಕ್ಕೇ ತೆನೆಗೆ ತೆಳು ಬಟ್ಟೆಯ ಚೀಲ ಕಟ್ಟಿ. ಬೀಜವನ್ನು ಡಬ್ಬಿಯಲ್ಲಿ ಕೂಡಿಡದೆ ಆಗಲೇ ಒದ್ದೆ ಮರಳಿನ ಮೇಲೆ ಉದುರಿಸಿ, ಆಳವಾಗಿ ಮುಚ್ಚಬೇಡಿ.

ದಡದಲ್ಲಿ ನೆಡುವುದು ಮಳೆಗಾಲ ಕಳೆದು ನೀರು ಇಳಿದ ಕೂಡಲೇ. ಮುಂದಿನ ನೆರೆ ಬರುವಷ್ಟರಲ್ಲಿ ಬೇರು ಹಿಡಿಯಲು ತಿಂಗಳುಗಟ್ಟಲೆ ಸಿಗುತ್ತದೆ.

ಈ ಸಲ ಕಡ್ಡಿ ತಂದ ದಿನವೇ ಪ್ರತಿ ಕುಂಡಕ್ಕೂ ಯಾವ ಪೊದೆಯದು, ಗಂಡೋ ಹೆಣ್ಣೋ ಎಂದು ಬರೆದು ಚೀಟಿ ಕಟ್ಟಿ. ಹೂ ಉದುರಿದ ಮೇಲೆ ಬರೀ ಎಲೆ ನೋಡಿ ಹೇಳಲು ಆಗುವುದಿಲ್ಲ.