ಗೇರ್ ಆಯಿಲ್ ಕಪ್ಪಾಗಿಲ್ಲ, ಸರಿ. ಖರ್ಚಾಗಿಲ್ವಾ?

ಎಂಜಿನ್ ಆಯಿಲ್ ವಿಷಯದಲ್ಲಿ ಎಲ್ಲರೂ ಶಿಸ್ತಿನವರೇ. ಗೇರ್‌ಬಾಕ್ಸ್, ಡಿಫರೆನ್ಷಿಯಲ್ (ಎಂಜಿನ್ನಿನ ಬಲವನ್ನು ಎರಡೂ ಬದಿಯ ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆ) ಆಯಿಲ್ ಅಂದ ತಕ್ಷಣ ಮಾತ್ರ, "ಅದು ಒಳಗೇ ಮುಚ್ಚಿಕೊಂಡಿರುತ್ತೆ, ಏನೂ ಆಗಲ್ಲ ಬಿಡಿ" ಅನ್ನುತ್ತಾರೆ. ಇದು ಅರ್ಧ ನಿಜ. ಅಲ್ಲಿ ಇಂಧನ ಉರಿಯುವುದಿಲ್ಲ, ಮಸಿ ಸೇರುವುದಿಲ್ಲ. ಹಾಗಾಗಿ ಆ ಆಯಿಲ್ ಜಾಸ್ತಿ ದಿನ ಬಾಳುತ್ತದೆ. ಆದರೆ ಕೊಳೆಯಾಗದಿದ್ದರೂ ಅದು ಖರ್ಚಾಗುತ್ತದೆ. ಈ ಎರಡನೆಯದನ್ನು ಯಾರೂ ಹೇಳುವುದೇ ಇಲ್ಲ.

ಹಿಂದಿನ ಚಕ್ರ ಎಳೆಯುವ ಗಾಡಿಗಳ ಡಿಫರೆನ್ಷಿಯಲ್ ಒಳಗೆ ಕ್ರೌನ್ ಎಂಬ ದೊಡ್ಡ ಗೇರ್ ಮತ್ತು ಅದನ್ನು ತಿರುಗಿಸುವ ಪಿನಿಯನ್ ಎಂಬ ಚಿಕ್ಕ ಗೇರ್ ಇರುತ್ತವಲ್ಲ, 1926ರಲ್ಲಿ ಅಮೆರಿಕದ ಪ್ಯಾಕರ್ಡ್ ಕಂಪನಿ ತನ್ನ ಕಾರುಗಳಲ್ಲಿ ಪಿನಿಯನ್ನನ್ನು ಕ್ರೌನಿನ ನಡುವಿಗಿಂತ ಕೆಳಗೆ ಇಟ್ಟಿತು. ಇದೇ ಹೈಪಾಯ್ಡ್ ಗೇರ್. ಎಂಜಿನ್ ಕಡೆಯಿಂದ ಹಿಂದಕ್ಕೆ ಬಲ ತರುವ ಶಾಫ್ಟ್ ಕೆಳಗಿಳಿಯಿತು, ಕಾರಿನ ನೆಲವನ್ನೂ ತಗ್ಗಿಸಲು ಆಯಿತು. ಸದ್ದೂ ಕಡಿಮೆ. ಆದರೆ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಉದ್ದಕ್ಕೂ ಜಾರತೊಡಗಿದವು. ಆ ಒತ್ತಡಕ್ಕೆ ಬರೀ ಎಣ್ಣೆಯ ಪದರ ನಿಲ್ಲುವುದಿಲ್ಲ, ಹಿಂಡಿಹೋಗುತ್ತದೆ. ಲೋಹಕ್ಕೆ ಲೋಹ ತಾಗಿ, ಅಲ್ಲಲ್ಲಿ ಬೆಸೆದುಕೊಂಡು, ಕಿತ್ತು ಬರುತ್ತದೆ.

ಅದಕ್ಕೇ ಗೇರ್ ಆಯಿಲ್‌ನಲ್ಲಿ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಬೆರೆಸುತ್ತಾರೆ. ಆ ಆಯಿಲ್ ಮೂಗಿಗೆ ಬಡಿಯುವ ಹಾಗೆ ನಾರುವುದೂ ಗಂಧಕದಿಂದಲೇ. ಹಲ್ಲಿನ ಮೇಲ್ಮೈಯಲ್ಲಿ ಉಜ್ಜಾಟ ಎಲ್ಲಿ ವಿಪರೀತ ಬಿಸಿ ಹುಟ್ಟಿಸುತ್ತದೋ ಅಲ್ಲಿ ಮಾತ್ರ ಗಂಧಕ ಕಬ್ಬಿಣದ ಜೊತೆ ಸೇರಿ ತೆಳುವಾದ ಕಬ್ಬಿಣದ ಸಲ್ಫೈಡ್ ಪೊರೆ ಕಟ್ಟುತ್ತದೆ. ಪೊರೆ ಮೆದು. ಚಪ್ಪಲಿ ತಾನು ಸವೆದು ಪಾದ ಉಳಿಸುವ ಹಾಗೆ, ಅದು ತಾನು ಉಜ್ಜಿಹೋಗಿ ಹಲ್ಲನ್ನು ಉಳಿಸುತ್ತದೆ. ಮರುಸುತ್ತಿನಲ್ಲಿ ಹೊಸ ಪೊರೆ ಬೇಕು. ಅದಕ್ಕೆ ಬೇಕಾದ ಗಂಧಕ ಅದೇ ಆಯಿಲ್‌ನಿಂದ ಬರಬೇಕು. ಎಲ್ಲಿಯವರೆಗೆ ಬಂದೀತು? ಬಣ್ಣ ನೋಡಿದರೆ ಇದು ಗೊತ್ತಾಗುವುದಿಲ್ಲ. ಬಣ್ಣ ನೋಡಿ "ಚೆನ್ನಾಗಿದೆ" ಅನ್ನುವುದು ಸುಮ್ನೆ ಊಹೆ.

ಇದರ ಜೊತೆ, ಬಿಸಿಯಲ್ಲೂ ಆಯಿಲ್ ತೀರಾ ತೆಳುವಾಗದಿರಲಿ ಎಂದು ಸೇರಿಸುವ ಉದ್ದುದ್ದ ಪಾಲಿಮರ್ ಸರಪಳಿಗಳನ್ನು ಗೇರಿನ ಹಲ್ಲುಗಳೇ ಕತ್ತರಿಸಿ ಹಾಕುತ್ತವೆ. ಮತ್ತೆ ಕೂಡುವುದಿಲ್ಲ. ಬಿಸಿ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಆಯಿಲ್ ಗಾಳಿಯ ಆಮ್ಲಜನಕದ ಜೊತೆ ಸೇರಿ ಕೆಡುವ (ಆಕ್ಸಿಡೀಕರಣ) ವೇಗ ಹೆಚ್ಚುಕಡಿಮೆ ಎರಡರಷ್ಟು. ಭಾರ ಎಳೆಯುವ, ಘಾಟಿ ಹತ್ತುವ ಗಾಡಿಗೆ ಕಂಪನಿಯ ಕೈಪಿಡಿಯಲ್ಲಿ ಆಯಿಲ್ ಬದಲಿಸಲು ಬೇರೆಯೇ ಲೆಕ್ಕ ಇರುವುದು ಅದಕ್ಕೇ.

ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನಲ್ಲಿ ಆಯಿಲ್‌ಗೆ ಇನ್ನೂ ಜಾಸ್ತಿ ಕೆಲಸ. ಒತ್ತಡ ಸಾಗಿಸಬೇಕು, ಕ್ಲಚ್ ತಟ್ಟೆಗಳು ಎಷ್ಟು ಜಾರಬೇಕು, ಎಷ್ಟು ಹಿಡಿಯಬೇಕು ಅನ್ನುವುದನ್ನೂ ಅದೇ ನಿರ್ಧರಿಸಬೇಕು. 1970ರ ದಶಕದ ಶುರುವಿನವರೆಗೂ ಅಮೆರಿಕದಲ್ಲಿ ಈ ಹದಕ್ಕೆ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು! ತಿಮಿಂಗಿಲ ರಕ್ಷಣೆಯ ಕಾನೂನು ಬಂದ ಮೇಲೆ ನಿಂತಿತು. ಇಂದು "ಜೀವನಪೂರ್ತಿ ಬದಲಿಸಬೇಕಿಲ್ಲ" ಎಂಬ ಆಯಿಲ್‌ಗಳ ಕಾಲ. ಆದರೆ ಎಷ್ಟೋ ಕಾರುಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಝಡ್‌ಎಫ್ ಕಂಪನಿ ತನ್ನ ಆಟೋಮ್ಯಾಟಿಕ್‌ಗಳಿಗೆ 80,000ದಿಂದ 1,20,000 ಕಿಲೋಮೀಟರ್ ಅಥವಾ 8 ವರ್ಷಕ್ಕೆ ಆಯಿಲ್ ಬದಲಿಸಿ ಅನ್ನುತ್ತದೆ. ಮಾಡಿದವರ ಮಾತು ಕೇಳಬೇಕಲ್ವಾ?

"ಹಳೇ ಗಾಡಿಯ ಆಯಿಲ್ ಬದಲಿಸಿದರೆ ಗೇರ್‌ಬಾಕ್ಸ್ ಹೋಗುತ್ತೆ" ಎಂಬ ಭಯವೂ ಇದೆ. ಆಗಲೇ ಜಾರುತ್ತಿರುವ ಕ್ಲಚ್ ಹೊಸ ಆಯಿಲ್‌ನಿಂದ ಸರಿಹೋಗದು, ಅದು ಆಗಲೇ ಹಾಳಾಗಿತ್ತು. ಬೈಸಿಕೊಳ್ಳುವುದು ಮಾತ್ರ ಹೊಸ ಆಯಿಲ್.

ಇನ್ನು ದುಬಾರಿ ಆಯಿಲ್ ಒಳ್ಳೆಯದು ಅಂತ ಮ್ಯಾನುಯಲ್ ಗೇರ್‌ಬಾಕ್ಸ್‌ಗೆ ಜಿಎಲ್-4 ದರ್ಜೆಯ ಆಯಿಲ್ ಬದಲು ಕಣ್ಣು ಮುಚ್ಚಿ ಜಿಎಲ್-5 ದರ್ಜೆಯದು ಸುರಿಯಬೇಡಿ. ಅದರಲ್ಲಿ ಆ ಗಂಧಕ, ರಂಜಕ ಜಾಸ್ತಿ. ಕೆಲವು ಜಿಎಲ್-5 ಆಯಿಲ್‌ಗಳು ಗೇರ್ ಸಲೀಸಾಗಿ ಬೀಳಲು ನೆರವಾಗುವ ಹಿತ್ತಾಳೆಯ ಸಿಂಕ್ರೊನೈಸರ್ ಉಂಗುರಗಳನ್ನು ತಿನ್ನುತ್ತವೆ.

ಹಳೇ ಆಯಿಲ್ ಇಳಿಸುವಾಗ ಡ್ರೇನ್ ಪ್ಲಗ್ ತುದಿಯ ಅಯಸ್ಕಾಂತ ನೋಡಿ. ಬೂದು ಬಣ್ಣದ ನುಣ್ಣನೆ ಪೇಸ್ಟ್ ಅಂಟಿದ್ದರೆ ಮಾಮೂಲಿ ಸವೆತ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಹಲ್ಲು ಅಥವಾ ಬೇರಿಂಗ್ ಒಡೆದಿರಬಹುದು. ಇನ್ನೊಂದು, ಡ್ರೇನ್ ಪ್ಲಗ್‌ಗೆ ಕೈ ಹಾಕುವ ಮೊದಲು ಹೊಸ ಆಯಿಲ್ ಹಾಕುವ ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚುತ್ತದೋ ಇಲ್ಲವೋ ನೋಡಿಕೊಳ್ಳಿ. ಅದು ತುಕ್ಕು ಹಿಡಿದು ಕೂತಿದ್ದರೆ, ಆಯಿಲ್ ಇಲ್ಲದ ಗಾಡಿ ಅಲ್ಲೇ ನಿಲ್ಲುತ್ತದೆ.