ಟೈಟಲ್ ಕ್ಲಿಯರ್ ಅಂದವರು ದುಡ್ಡು ಕೊಡ್ತಾರಾ?

ಬೆಂಗಳೂರಲ್ಲಿ ಸೈಟು ನೋಡಲು ಹೋದವರು ಮೊದಲು ಕೇಳುವುದು ‘ಟೈಟಲ್ ಕ್ಲಿಯರ್ ಇದೆಯಾ?’ ಅಂತ. ಮಾಲೀಕತ್ವದಲ್ಲಿ ತಕರಾರು ಇಲ್ಲ ತಾನೇ ಎಂದು ಅರ್ಥ. ಆಮೇಲೆ ಮದರ್ ಡೀಡ್, ಮೂವತ್ತು ವರ್ಷದ ಇಸಿ (ಋಣಭಾರ ಪ್ರಮಾಣಪತ್ರ), ಖಾತಾ, ವಂಶವೃಕ್ಷ ಎಲ್ಲ ಒಂದು ಫೈಲಿಗೆ ಸೇರುತ್ತವೆ. ವಕೀಲರು ನೋಡಿ ಲೀಗಲ್ ಒಪಿನಿಯನ್ ಬರೆದುಕೊಡುತ್ತಾರೆ. ಹತ್ತು ವರ್ಷ ಬಿಟ್ಟು ಮಾರಿದವರ ದಾಯಾದಿಯೊಬ್ಬರು ಬಂದು ‘ಇದರಲ್ಲಿ ನಮ್ಮ ಭಾಗವೂ ಇತ್ತು’ ಎಂದು ಕೇಸು ಹಾಕಿದರೆ? ಕೋರ್ಟಿಗೆ ಅಲೆಯುವುದು ನೀವೇ. ಒಪಿನಿಯನ್ ಬರೆದವರು ಜೇಬಿನಿಂದ ದುಡ್ಡು ಕೊಡುವುದಿಲ್ಲ.

ಅಮೆರಿಕದಲ್ಲಿ ಮನೆ ಕೊಂಡ ನಮ್ಮವರ ಫೈಲಿನಲ್ಲಿ ಇನ್ನೂ ಒಂದು ಕಾಗದ ಇರುತ್ತದೆ. ಟೈಟಲ್ ಇನ್ಶೂರೆನ್ಸ್ ಪಾಲಿಸಿ. ಕ್ಲೋಸಿಂಗ್ ದಿನ, ಅಂದರೆ ವ್ಯವಹಾರ ಮುಗಿಸುವ ದಿನ, ಸಹಿ ಹಾಕಿ ಹಾಕಿ ಕೈ ಸೋತಿರುತ್ತದೆ, ಆ ಕಂತೆಯಲ್ಲಿ ಇದರ ಖರ್ಚೂ ಸೇರಿ ಹೋಗಿರುತ್ತದೆ. ಯಾತಕ್ಕೆ ಕೊಟ್ಟೆವು ಎಂದು ಕೇಳಿದರೆ ‘ಬ್ಯಾಂಕಿನವರು ಬೇಕು ಅಂದ್ರು’ ಎನ್ನುವವರೇ ಜಾಸ್ತಿ. ಈ ಕಾಗದ ಹುಟ್ಟಿದ್ದೂ ಒಂದು ಲೀಗಲ್ ಒಪಿನಿಯನ್ ಕೈಕೊಟ್ಟಿದ್ದರಿಂದಲೇ.

ಹತ್ತೊಂಬತ್ತನೇ ಶತಮಾನದಲ್ಲಿ ಪೆನ್ಸಿಲ್ವೇನಿಯಾ ರಾಜ್ಯದ ಫಿಲಡೆಲ್ಫಿಯಾದಲ್ಲಿ ಹಳೆ ಪತ್ರ ಹುಡುಕಿ, ಕ್ರಯಪತ್ರ ಬರೆದು, ವ್ಯವಹಾರ ಮುಗಿಸಿಕೊಡುವವರನ್ನು ಕನ್ವೆಯನ್ಸರ್ ಎನ್ನುತ್ತಿದ್ದರು. ವಾಟ್ಸನ್ ಎಂಬುವರು ಮ್ಯೂರ್‌ಹೆಡ್ ಎಂಬ ಕನ್ವೆಯನ್ಸರ್ ಮೂಲಕ ಜಾಗ ಕೊಂಡರು. ಹುಡುಕುವಾಗ ಹಳೆಯ ಕೋರ್ಟ್ ಡಿಕ್ರಿಗಳು ಕಣ್ಣಿಗೆ ಬಿದ್ದಿದ್ದವು. ಮ್ಯೂರ್‌ಹೆಡ್ ವಕೀಲರನ್ನು ಕೇಳಿದರು. ಅವು ಈ ಜಾಗಕ್ಕೆ ತಾಗುವುದಿಲ್ಲ, ತೊಂದರೆ ಇಲ್ಲ ಎಂದರು ವಕೀಲರು. ತಾಗಿದವು. ವಿಷಯ ಹರಾಜಿನ ತನಕ ಹೋಗಿ ವಾಟ್ಸನ್ ದುಡ್ಡು ಕಳೆದುಕೊಂಡರು, ಮ್ಯೂರ್‌ಹೆಡ್ ಮೇಲೆ ಕೇಸು ಹಾಕಿದರು. 1868ರಲ್ಲಿ ಪೆನ್ಸಿಲ್ವೇನಿಯಾದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ವಕೀಲರ ಮಾತು ನಂಬಿ ನಡೆದ ಕನ್ವೆಯನ್ಸರ್‌ದು ಅಜಾಗರೂಕತೆ ಅಲ್ಲ, ಆದ್ದರಿಂದ ಮ್ಯೂರ್‌ಹೆಡ್ ನಷ್ಟ ತುಂಬಿಕೊಡಬೇಕಿಲ್ಲ ಎಂದಿತು.

ಕಾನೂನಿನ ಪ್ರಕಾರ ಸರಿಯೇ ಇರಬಹುದು. ಆದರೆ ಕೊಂಡವರ ಗತಿ? 1874ರಲ್ಲಿ ಪೆನ್ಸಿಲ್ವೇನಿಯಾ ಟೈಟಲ್ ವಿಮೆಗೆ ಅವಕಾಶ ಕೊಡುವ ಕಾನೂನು ಮಾಡಿತು. 1876ರ ಮಾರ್ಚ್‌ನಲ್ಲಿ ಫಿಲಡೆಲ್ಫಿಯಾದಲ್ಲೇ ಮೊದಲ ಕಂಪನಿ ಶುರುವಾಯಿತು. ಯಾರ ತಪ್ಪು ಎಂದು ನೋಡುವುದು ಬೇಡ, ಟೈಟಲ್ ಕೆಟ್ಟರೆ ನಾವು ಕಟ್ಟಿಕೊಡುತ್ತೇವೆ ಎಂಬುದು ಅವರು ಕೊಟ್ಟ ಮಾತು.

ಅಷ್ಟರಲ್ಲಿ ಚಿಕಾಗೋದಲ್ಲಿ ಬೇರೆಯದೇ ಕಥೆ ನಡೆದಿತ್ತು. 1871ರ ಬೆಂಕಿಯಲ್ಲಿ ಅಲ್ಲಿನ ಸರ್ಕಾರಿ ಭೂದಾಖಲೆಗಳು ಸುಟ್ಟುಹೋದವು. ದಾಖಲೆಯ ಸಾರಾಂಶ ಬರೆದು ಮಾರುತ್ತಿದ್ದ ಖಾಸಗಿ ಕಂಪನಿಗಳು ತಮ್ಮ ಪುಸ್ತಕಗಳಲ್ಲಿ ಕೆಲವನ್ನು ಹೊತ್ತು ಹೊರಗೆ ಸಾಗಿಸಿದ್ದವು. ಇಡೀ ಊರಿನ ಜಾಗ ಯಾರದ್ದು ಎಂದು ಹೇಳಲು ಉಳಿದದ್ದು ಅವೇ. ಮರುವರ್ಷವೇ ಅವನ್ನು ಕೋರ್ಟಿನಲ್ಲಿ ಸಾಕ್ಷಿಯಾಗಿ ಬಳಸಲು ಕಾನೂನು ಬಂತು. ಹೀಗೆ ಜಾಗವಾರು ಜೋಡಿಸಿಟ್ಟ ಖಾಸಗಿ ದಾಖಲೆಗೆ ಈ ಕಸುಬಿನವರು ಟೈಟಲ್ ಪ್ಲಾಂಟ್ ಎನ್ನುತ್ತಾರೆ. ಟೆಕ್ಸಸ್‌ನಲ್ಲಿ ಇವತ್ತಿಗೂ ಅಂಥ ಪ್ಲಾಂಟ್ ಸ್ವಂತಕ್ಕೋ ಲೀಸಿಗೋ ಇಲ್ಲದ ಏಜೆನ್ಸಿಗೆ ಲೈಸೆನ್ಸ್ ಸಿಗುವುದಿಲ್ಲ.

ಮಾಲೀಕತ್ವಕ್ಕೆ ಸರ್ಕಾರವೇ ಗ್ಯಾರಂಟಿ ಕೊಡುವ ದಾರಿಯೂ ಇತ್ತು. ದಕ್ಷಿಣ ಆಸ್ಟ್ರೇಲಿಯಾದಲ್ಲಿ 1858ರಲ್ಲಿ ಬಂದ ಟೊರೆನ್ಸ್ ಪದ್ಧತಿ ಅದೇ. ಇಲಿನಾಯ್ ಅದನ್ನು 1897ರಲ್ಲಿ ತಂದು ನೂರು ವರ್ಷದೊಳಗೆ ಕೈಬಿಟ್ಟಿತು. ಮಿನ್ನೆಸೋಟದಲ್ಲಿ ಈಗಲೂ ಇದೆ. ಅಮೆರಿಕದ ಬಹುತೇಕ ಕಡೆ ವಿಮೆಯೇ ಗೆದ್ದಿತು. ಅದಕ್ಕೆ ದೊಡ್ಡ ಕಾರಣ ಗೃಹಸಾಲ. 1938ರಲ್ಲಿ ಗೃಹಸಾಲಗಳನ್ನು ಕೊಳ್ಳುವ ಫ್ಯಾನಿ ಮೇ ಎಂಬ ಸಂಸ್ಥೆ ಬಂದ ಮೇಲೆ ಒಂದು ಊರಿನ ಸಾಲವನ್ನು ಇನ್ನೆಲ್ಲೋ ಕೂತವರು ಕೊಳ್ಳುವ ವ್ಯಾಪಾರ ಬೆಳೆಯಿತು. ದೂರದವರಿಗೆ ಊರಿನ ವಕೀಲರ ಪರಿಚಯ ಎಲ್ಲಿರುತ್ತದೆ? ಎಲ್ಲ ಕಡೆ ಒಂದೇ ಥರ ಇರುವ ಪಾಲಿಸಿ ಬೇಕಿತ್ತು. ಹಾಗಾಗಿಯೇ ಬ್ಯಾಂಕಿಗೆ ಒಂದು ಪಾಲಿಸಿ, ಮಾಲೀಕರಿಗೆ ಇನ್ನೊಂದು. ಬ್ಯಾಂಕಿನ ಪಾಲಿಸಿ ಕಾಯುವುದು ಸಾಲವನ್ನು ಮಾತ್ರ. ಇದು ಗೊತ್ತಿಲ್ಲದೆ ‘ನಮ್ಮದೂ ಆಯ್ತಲ್ಲ’ ಎಂದು ನಿಶ್ಚಿಂತರಾಗಿರುವವರುಂಟು.

ಈಗ ಏಜೆನ್ಸಿಗೆ ಬರೋಣ. ಫಿಡೆಲಿಟಿ, ಫಸ್ಟ್ ಅಮೆರಿಕನ್, ಓಲ್ಡ್ ರಿಪಬ್ಲಿಕ್, ಸ್ಟೂವರ್ಟ್ ಎಂಬ ನಾಲ್ಕು ಕಂಪನಿಗಳ ಗುಂಪೇ ಈ ಪೇಟೆಯ ಬಹುಪಾಲು ಹಿಡಿದಿದೆ. ಆದರೆ ಊರಿನಲ್ಲಿ ಬಾಗಿಲು ತೆರೆದು ಕೂತಿರುವುದು ಹೆಚ್ಚಾಗಿ ಏಜೆನ್ಸಿ. ಕೌಂಟಿ ದಾಖಲೆ ಹುಡುಕುವುದು, ಬಾಕಿ ತೆರಿಗೆ, ಹಳೆ ಸಾಲ, ವಾರಸುದಾರರ ತಕರಾರು ಪತ್ತೆ ಮಾಡಿ ತೀರಿಸುವುದು, ಕೊಳ್ಳುವವರ ದುಡ್ಡು ಎಸ್ಕ್ರೋ ಖಾತೆಯಲ್ಲಿ ಹಿಡಿದಿಟ್ಟು ಹಂಚುವುದು, ಪತ್ರ ನೋಂದಣಿ ಮಾಡಿಸುವುದು, ಕೊನೆಗೆ ಪಾಲಿಸಿ ಬರೆಯುವುದು. ಎಲ್ಲ ಅವರದೇ.

ಪ್ರೀಮಿಯಂ ಹಂಚಿಕೆ ನೋಡಿದರೆ ಇದು ಎಂಥ ವಿಮೆ ಎಂದು ತಿಳಿಯುತ್ತದೆ. ಫ್ಲಾರಿಡಾದಲ್ಲಿ ದರ ರಾಜ್ಯವೇ ಗೊತ್ತು ಮಾಡುತ್ತದೆ. ವರ್ಷಗಳಿಂದ ನಡೆದು ಬಂದ ಲೆಕ್ಕದಲ್ಲಿ ಮೊದಲ ಲಕ್ಷ ಡಾಲರಿಗೆ ಸಾವಿರಕ್ಕೆ 5.75, ಅದರ ಮೇಲೆ ಹತ್ತು ಲಕ್ಷದವರೆಗೆ ಸಾವಿರಕ್ಕೆ 5. ಮೂರು ಲಕ್ಷದ ಮನೆಗೆ 1,575 ಡಾಲರ್, ಒಂದೇ ಸಲ ಕಟ್ಟುವುದು. ಅದರಲ್ಲಿ ಶೇ 70ರವರೆಗೂ ಏಜೆಂಟರಿಗೆ ಹೋಗಬಹುದು. ಟೆಕ್ಸಸ್‌ನಲ್ಲಿ ಶೇ 85. ವಾಹನ ವಿಮೆಯ ಏಜೆಂಟರು ಇಂಥ ಕಮಿಷನ್ ಕನಸಲ್ಲೂ ಕಾಣಲಿಕ್ಕಿಲ್ಲ. ವಾಹನ ವಿಮೆ ನಾಳೆ ಆಗಬಹುದಾದ್ದಕ್ಕೆ, ಇದು ಆಗಿಹೋದದ್ದಕ್ಕೆ. ಆಗಿಹೋದದ್ದನ್ನು ಹುಡುಕಿ ಮೊದಲೇ ಸರಿಮಾಡಿದರೆ ಪರಿಹಾರ ಕೊಡುವ ಪ್ರಸಂಗವೇ ಕಡಿಮೆ. ಹಾಗಾಗಿ ನನ್ನ ಪ್ರಕಾರ ಇದರ ಹೆಸರು ಮಾತ್ರ ವಿಮೆ. ಹೆಚ್ಚಿನ ದುಡ್ಡು ಹುಡುಕುವ ಕೂಲಿ. ಆ ಕೂಲಿ ಇಷ್ಟೊಂದು ಇರಬೇಕಾ ಎನ್ನುವ ಜಗಳ ಅಲ್ಲಿ ಇನ್ನೂ ಮುಗಿದಿಲ್ಲ.

ಜಗಳಕ್ಕೆ ಇನ್ನೊಂದು ಕಾರಣ ಇದೆ. ದುಡ್ಡು ಕೊಡುವವರು ಮನೆ ಕೊಳ್ಳುವವರು, ಏಜೆನ್ಸಿ ಹೆಸರು ಸೂಚಿಸುವವರು ಬ್ರೋಕರೋ ಬ್ಯಾಂಕಿನವರೋ. ಹೀಗಿದ್ದಾಗ ಏಜೆನ್ಸಿ ಯಾರನ್ನು ಖುಷಿಪಡಿಸುತ್ತದೆ? ಗಿರಾಕಿ ಕಳಿಸಿದ್ದಕ್ಕೆ ಕಮಿಷನ್ ಕೊಡುವ ಚಾಳಿಯನ್ನು ಮನೆ ಕೊಳ್ಳುವ ವ್ಯವಹಾರಕ್ಕೆಂದು ಬಂದ 1974ರ ರೆಸ್ಪಾ ಕಾನೂನು ನಿಷೇಧಿಸಿತು. ಇಂಥ ಏಜೆನ್ಸಿಯಲ್ಲೇ ಮಾಡಿಸಿ ಎಂದು ಮಾರುವವರು ಹಟ ಹಿಡಿಯುವಂತಿಲ್ಲ ಎಂದೂ ಹೇಳಿತು.

ಲೈಸೆನ್ಸ್ ಒಂದೊಂದು ರಾಜ್ಯದಲ್ಲಿ ಒಂದೊಂದು ಥರ. ಫ್ಲಾರಿಡಾದಲ್ಲಿ 40 ಗಂಟೆಯ ಪಾಠವೋ ಒಂದು ವರ್ಷದ ಅನುಭವವೋ ಬೇಕು, ಜೊತೆಗೆ ಪರೀಕ್ಷೆ. ಏಜೆನ್ಸಿ 35,000 ಡಾಲರಿನ ಬಾಂಡ್ ಅಥವಾ ಠೇವಣಿ ಇಡಬೇಕು. ಆಶ್ಚರ್ಯ ಎಂದರೆ ನ್ಯೂಯಾರ್ಕ್! ಅಷ್ಟು ದುಬಾರಿ ಜಾಗಗಳ ರಾಜ್ಯ, ಟೈಟಲ್ ಏಜೆಂಟರಿಗೆ ಲೈಸೆನ್ಸ್ ಕಡ್ಡಾಯ ಮಾಡಿದ್ದು 2014ರಲ್ಲಿ. ಲೈಸೆನ್ಸಿನ ನಿಜವಾದ ಚಿಂತೆ ಎಸ್ಕ್ರೋ ದುಡ್ಡಿನದು. ಪರರ ಲಕ್ಷಗಟ್ಟಲೆ ಡಾಲರ್ ಏಜೆನ್ಸಿಯ ಕೈಯಲ್ಲಿರುತ್ತದೆ, ಅದು ಮಾಯವಾದರೆ ಟೈಟಲ್ ಪಾಲಿಸಿ ಸಹಾಯಕ್ಕೆ ಬರುವುದಿಲ್ಲ. ಅದಕ್ಕೇ ವಿಮಾ ಕಂಪನಿಯಿಂದ ಕ್ಲೋಸಿಂಗ್ ಪ್ರೊಟೆಕ್ಷನ್ ಲೆಟರ್ ಎಂಬ ಪ್ರತ್ಯೇಕ ಪತ್ರ ಕೇಳುವ ರೂಢಿ.

ಅಯೋವಾ ರಾಜ್ಯ ಇದ್ಯಾವುದೂ ಬೇಡ ಎಂದು 1947ರಲ್ಲಿ ಟೈಟಲ್ ವಿಮೆ ಮಾರುವುದನ್ನೇ ನಿಲ್ಲಿಸಿತು. ಅಲ್ಲಿ ದಾಖಲೆಯ ಸಾರಾಂಶ, ಅದರ ಮೇಲೆ ವಕೀಲರ ಅಭಿಪ್ರಾಯ. ಆದರೆ ದೂರದ ಸಾಲ ಕಂಪನಿಗಳಿಗೆ ಅದು ಸಾಲಲಿಲ್ಲ. 1985ರಲ್ಲಿ ರಾಜ್ಯವೇ ಗ್ಯಾರಂಟಿ ಕೊಡುವ ವ್ಯವಸ್ಥೆ ತರಬೇಕಾಯಿತು.

ನಮ್ಮಲ್ಲಿ 2016ರ ರೇರಾ ಕಾನೂನಿನ 16ನೇ ಸೆಕ್ಷನ್ ಟೈಟಲ್ ವಿಮೆಯ ಮಾತಾಡುತ್ತದೆ. ಬಿಲ್ಡರ್ ಪ್ರೀಮಿಯಂ ಕಟ್ಟಬೇಕು, ಪ್ರಯೋಜನ ಫ್ಲ್ಯಾಟು ಕೊಂಡವರಿಗೆ ದಾಟಬೇಕು. ಆದರೆ ಅದು ಸರ್ಕಾರದ ಅಧಿಸೂಚನೆಗೆ ಕಾಯುವ ಸೆಕ್ಷನ್. ಬಿಡಿ ಸೈಟು ಕೊಳ್ಳುವವರಿಗೆ ಈಗಲೂ ಗತಿ ಇಸಿ ಮತ್ತು ವಕೀಲರ ನಾಲ್ಕು ಹಾಳೆ. ಇಸಿ ಕೈಗೆ ಬಂದಾಗ ಕೊನೆಯಲ್ಲಿರುವ ಸಣ್ಣ ಅಕ್ಷರದ ಟಿಪ್ಪಣಿ ಓದಿ ನೋಡಿ. ಹುಡುಕಾಟದಲ್ಲಿ ತಪ್ಪಾಗಿದ್ದರೆ ಇಲಾಖೆ ಹೊಣೆಯಲ್ಲ ಎಂದು ಅಲ್ಲೇ ಬರೆದಿರುತ್ತದೆ.